ಬುಟ್ಟಿ ಕೊಟ್ಟ ಅಕ್ಕನಿಗೆ ಥ್ಯಾಂಕ್ಸ್

ಕಡಿಮೆ ಖರ್ಚಿನಲ್ಲಿ ಬೆಕ್ಕಿಗೆ ಸಂತಾನಹರಣ ಆಪರೇಷನ್ ಮಾಡುವ ಶಿಬಿರ ಇದೆ ಎಂದು ಹೇಳಿ, ಕರೆದುಕೊಂಡು ಹೋಗಲು ತಮ್ಮ ಬುಟ್ಟಿಯನ್ನೂ ಕೊಟ್ಟ ಅಕ್ಕ, ತುಂಬಾ ಥ್ಯಾಂಕ್ಸ್. ಗಡಿಬಿಡಿಯಲ್ಲಿ ನಿಮ್ಮ ಹೆಸರು ಕೇಳಲೂ ಆಗಲಿಲ್ಲ. ಬುಟ್ಟಿ ಶಿಬಿರದವರ ಹತ್ತಿರ ಇದೆ, ತೆಗೆದುಕೊಳ್ಳಿ.

"ಒಂದು ಸಲ ಮರಿ ಹಾಕಲಿ, ಆಮೇಲೆ ನೋಡೋಣ" ಅಂತಲೇ ಎಲ್ಲರೂ ಹೇಳುತ್ತಿದ್ದರು. ಹಾಗೆಲ್ಲ ಕಾಯಬೇಕಿಲ್ಲ ಎಂದವರು ನೀವೊಬ್ಬರೇ. ಹೆಣ್ಣು ಬೆಕ್ಕು 4-5 ತಿಂಗಳಿಗೇ ಬೆದೆಗೆ ಬರಬಹುದು, ಗಬ್ಬ ಸುಮಾರು 9 ವಾರ ಅಷ್ಟೇ, ಮರಿಗಳಿಗೆ ಹಾಲೂಡಿಸುತ್ತಿರುವಾಗಲೇ ಮತ್ತೆ ಗಬ್ಬವಾಗಬಹುದು ಎಂದು ನಿಮ್ಮಿಂದ ಗೊತ್ತಾಯಿತು. ಅಷ್ಟು ಮರಿಗಳಿಗೆ ಮನೆ ಎಲ್ಲಿಂದ ಹುಡುಕೋದು, ಅಲ್ವಾ?

ಈಗ ಅವಳ ಹೊಟ್ಟೆಯಲ್ಲಿ ಕೂದಲು ಬೋಳಿಸಿದ ಜಾಗದಲ್ಲಿ ಪುಟ್ಟ ಹೊಲಿಗೆ. ನೆಕ್ಕದಿರಲಿ ಎಂದು ಕೊರಳಿಗೆ ಹಾಕಿದ ಕೋನ್ ಕಂಡರೆ ಮಾತ್ರ ಕೆಂಡದಂಥ ಕೋಪ. ಊಟ ಜೋರಾಗಿಯೇ ಇದೆ! ಪಕ್ಕದ ಮನೆಯವರೂ ತಮ್ಮ ಗಂಡು ಬೆಕ್ಕಿನ ಹೆಸರು ಬರೆಸಿದ್ದಾರೆ.