ಕಳೆದುಹೋಗಿಲ್ಲ ಮಾರಾಯ, ಗಾಬರಿಯಾಗಬೇಡ

ಪ್ರೀತಿಯ ಗೆಳೆಯ,

ನಿನ್ನ ಮೆಸೇಜು ಓದಿದೆ. ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ತೆಗೆದು ಉಬುಂಟು ಹಾಕಿಸಿದ ಮೇಲೆ ಅಪ್ಪನ ಬರಹಗಳೆಲ್ಲ ಹಾಳಾಗಿವೆ, ತೆರೆದರೆ ಬರೀ ಪೌಂಡ್ ಗುರುತು, ತಲೆ ಮೇಲೆ ಗೀರಿರುವ ಇಂಗ್ಲಿಷ್ ಅಕ್ಷರ ಅಂತ ಬರೆದಿದ್ದೀಯ. ನೀನು ಕಳಿಸಿದ ಸ್ಕ್ರೀನ್‌ಶಾಟ್ ನೋಡಿ ನನಗೆ ಸಮಾಧಾನವೇ ಆಯಿತು. ಎಲ್ಲ ಕಡೆ ಪ್ರಶ್ನೆಚಿಹ್ನೆ ಬಂದಿದ್ದರೆ ಕಷ್ಟವಿತ್ತು. ಇದು ಹಾಗಲ್ಲ. ಅಪ್ಪ ಬರೆದದ್ದೆಲ್ಲ ಒಳಗೆ ಭದ್ರವಾಗಿದೆ.

ಮೊದಲು ಆ ಇಡೀ ಫೋಲ್ಡರನ್ನು ಪೆನ್‌ಡ್ರೈವಿಗೆ ಕಾಪಿ ಮಾಡಿ ಎತ್ತಿಡು. ಮೂಲ ಫೈಲುಗಳ ಮೇಲೆ ಏನನ್ನೂ ಸೇವ್ ಮಾಡಬೇಡ. ಸರಿ ಮಾಡೋಣ ಅಂತ ಎಲ್ಲವನ್ನೂ ಸೆಲೆಕ್ಟ್ ಮಾಡಿ ಬೇರೆ ಕನ್ನಡ ಫಾಂಟ್ ಕೊಡಲೂ ಹೋಗಬೇಡ. ಅದರಿಂದ ಏನೂ ಆಗುವುದಿಲ್ಲ, ಮೊದಲು ಯಾವ ಫಾಂಟ್ ಇತ್ತು ಎಂಬ ಸುಳಿವೂ ಹೋಗುತ್ತದೆ.

ಆಗಿರುವುದು ಇಷ್ಟೇ. ಅಪ್ಪ ಬರೆದದ್ದು ಕನ್ನಡ ಗಣಕ ಪರಿಷತ್ತಿನ ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ, ಹಳೇ ಫಾಂಟಿನಲ್ಲಿ. ಎಲ್ಲ ಭಾಷೆಗಳ ಅಕ್ಷರಗಳಿಗೂ ಬೇರೆ ಬೇರೆ ಸಂಖ್ಯೆ ಕೊಡುವ ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು. ಆದರೆ ನಮ್ಮ ಮನೆಯ ಕಂಪ್ಯೂಟರುಗಳವರೆಗೆ ಅದು ಬರಲು ವರ್ಷಗಳೇ ಹಿಡಿದವು. ಅಲ್ಲಿಯವರೆಗೆ ಇಂಗ್ಲಿಷಿನಂಥ ಭಾಷೆಗಳಿಗೆ ಇದ್ದ 256 ಅಕ್ಷರದ ಮನೆಗಳಲ್ಲೇ ಕನ್ನಡದ ತುಂಡುಗಳನ್ನು ಕೂರಿಸಿ ಕೆಲಸ ಸಾಗಿಸಿದರು. ಹಾಗಾಗಿ ಅಪ್ಪನ ಫೈಲಿನಲ್ಲಿ ‘ಕನ್ನಡ’ ಎಂದರೆ ದೊಡ್ಡ ಪಿ, ಗೀರಿನ ಎ, ಪೌಂಡ್ ಗುರುತು, ಮತ್ತೆ ಗೀರಿನ ಎ, ಜರ್ಮನ್ನರ ಜೋಡಿ ಎಸ್, ಸಣ್ಣ ಕ್ಯೂ, ಮತ್ತೆ ಗೀರಿನ ಎ. ಆ ಗೀರಿನ ಎ ನಮ್ಮ ತಲೆಕಟ್ಟು! ಜರ್ಮನ್ ಅಕ್ಷರ ನ ಒತ್ತು. ಇದನ್ನೆಲ್ಲ ಕನ್ನಡವಾಗಿ ತೋರಿಸುತ್ತಿದ್ದ ಫಾಂಟು ನಿನ್ನ ವಿಂಡೋಸಿನಲ್ಲಿತ್ತು, ಉಬುಂಟುವಿನಲ್ಲಿಲ್ಲ.

ಹಳೇ ಕಂಪ್ಯೂಟರ್ ಅಣ್ಣನ ಮನೆಯಲ್ಲಿ ಇನ್ನೂ ಇದೆ ಅಂದಿದ್ದೆ ಅಲ್ವಾ? ಅದರ ಫಾಂಟ್ಸ್ ಫೋಲ್ಡರಿನಲ್ಲಿ ನುಡಿ ಹೆಸರಿನವು ಇರುತ್ತವೆ. ತಂದು ಡಬಲ್ ಕ್ಲಿಕ್ ಮಾಡಿ ಇನ್‌ಸ್ಟಾಲ್ ಕೊಡು, ಫೈಲು ತೆರೆಯುವ ಲಿಬ್ರೆ ಆಫೀಸನ್ನು ಮುಚ್ಚಿ ಮತ್ತೆ ತೆಗೆ. ಫಾಂಟ್ ಡಬ್ಬಿಯಲ್ಲಿ ಹೆಸರು ಓರೆ ಅಕ್ಷರದಲ್ಲಿ ಕಂಡರೆ ಆ ಫಾಂಟ್ ಇನ್ನೂ ಸಿಕ್ಕಿಲ್ಲ ಎಂದರ್ಥ. ಸಿಕ್ಕಿದರೆ ಅಪ್ಪನ ಬರಹ ಆಗಲೇ ಓದಬಹುದು.

ಅಷ್ಟಕ್ಕೇ ನಿಲ್ಲಿಸಬೇಡ. ಓದಲು ಬಂದರೂ ಅದರಲ್ಲಿ ಕನ್ನಡ ಪದ ಕೊಟ್ಟು ಹುಡುಕಲು ಆಗುವುದಿಲ್ಲ, ತಂಗಿಯ ಮೊಬೈಲಿಗೆ ಕಳಿಸಿದರೆ ಅಲ್ಲಿ ಮತ್ತೆ ಪೌಂಡ್ ಗುರುತೇ. ಯೂನಿಕೋಡಿಗೆ ಬದಲಾಯಿಸಲೇಬೇಕು. ಸಂಚಯ ಎಂಬ ತಂಡದವರ ಅಂತರ್ಜಾಲದ ಪರಿವರ್ತಕ ಇದಕ್ಕೆ ಚೆನ್ನಾಗಿದೆ, ಪುಕ್ಕಟೆ. ಸಾಲುಗಳನ್ನು ಅಲ್ಲಿ ಅಂಟಿಸಿದರೆ ಸಾಕು.

ಆಮೇಲೆ ಮಾತ್ರ ಕೂತು ಓದಬೇಕು, ಇಲ್ಲಿ ಅವಸರ ಬೇಡ. ಹಳೇ ಫಾಂಟಿನಲ್ಲಿ ‘ಧರ್ಮ’ ಎಂದು ಬರೆದಾಗ ಅರ್ಕಾವತ್ತು ಮ ಆದ ಮೇಲೆ ಬರುತ್ತದೆ, ಕಣ್ಣಿಗೆ ಕಂಡ ಹಾಗೆ. ಯೂನಿಕೋಡಿನಲ್ಲಿ ರ ಮೊದಲು. ಪರಿವರ್ತಕ ಅದನ್ನು ಹಿಂದಕ್ಕೆ ಎಳೆದು ಕೂರಿಸಬೇಕು, ಒತ್ತು ಗುಣಿತ ಜಾಸ್ತಿ ಇದ್ದಲ್ಲಿ ಕೆಲವೊಮ್ಮೆ ಎಡವುತ್ತದೆ. ಇನ್ನೊಂದು ತಾಪತ್ರಯ ಇಂಗ್ಲಿಷ್ ಪದಗಳದ್ದು. ಅಪ್ಪ ಬ್ಯಾಂಕಿನಲ್ಲಿದ್ದವರು, ನಡುನಡುವೆ ಇಂಗ್ಲಿಷ್ ಬಳಸಿಯೇ ಇರುತ್ತಾರೆ. ಅಂಟಿಸುವಾಗ ಫಾಂಟಿನ ಗುರುತು ಬಿದ್ದುಹೋಗುವುದರಿಂದ ಆ ಪದಗಳೂ ಕನ್ನಡದ ಚೂರುಗಳಾಗುತ್ತವೆ. ದೊಡ್ಡ ಕ್ಯೂ ಇದ್ದಲ್ಲೆಲ್ಲ ‘ಕಿ’! ನಗು ಬರುತ್ತದೆ, ಆದರೆ ಮೂಲವನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದಾಗಿ ಸರಿಪಡಿಸಬೇಕು. ಟೇಬಲ್ಲು, ಅಡಿಟಿಪ್ಪಣಿ ಇದ್ದರೆ ಅವನ್ನು ಬೇರೆಯಾಗಿ ಮಾಡು.

ನುಡಿಯಂಥದ್ದೇ ‘ಬರಹ’ ಎಂಬ ತಂತ್ರಾಂಶದಲ್ಲಿ ಟೈಪ್ ಮಾಡಿದ ಫೈಲುಗಳಿಗೂ ಇದೇ ದಾರಿ ನಡೆಯುತ್ತದೆ. ಶ್ರೀಲಿಪಿ ಎಂಬ ಇನ್ನೊಂದು ತಂತ್ರಾಂಶದ್ದಾದರೆ ನಡೆಯುವುದಿಲ್ಲ, ಅದರ ಮನೆಗಳ ಲೆಕ್ಕವೇ ಬೇರೆ. ಅಪ್ಪ ಪ್ರೆಸ್ಸಿನಿಂದ ತಂದ ಆ ಸಿಡಿ ಬಹುಶಃ ಅಂಥದ್ದು. ಅದನ್ನು ಮುಟ್ಟಬೇಡ, ನನಗೆ ಕಳಿಸು.

ಹೊಸದಾಗಿ ಬರೆಯುವುದಕ್ಕೆ ಉಬುಂಟುವಿನ ಕೀಬೋರ್ಡ್ ಸೆಟ್ಟಿಂಗಿನಲ್ಲಿ ಕನ್ನಡ ಕಗಪ (ಕನ್ನಡ ಗಣಕ ಪರಿಷತ್ತು) ಎಂಬ ಕೀಲಿಮಣೆಯನ್ನು ಸೇರಿಸಿಕೋ. ನುಡಿಯಲ್ಲಿದ್ದ ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವೇ ಇದು, ನುಡಿಯಲ್ಲಿ ಪಳಗಿದ ಕೈಗೆ ಕಷ್ಟವಾಗದು. ಅಪ್ಪನಿಗೂ ತೋರಿಸು. ಮೊದಲ ಫೈಲು ಸರಿಯಾದ ಕೂಡಲೇ ಒಂದು ಪುಟ ಕಳಿಸು, ಅರ್ಕಾವತ್ತು ನಾನೂ ಒಮ್ಮೆ ನೋಡುತ್ತೇನೆ.

ನಿನ್ನ ಗೆಳೆಯ