ಹಳೆ ಸೈಕಲ್ಲಿನ ಡಿರೈಲರ್ ಭಾಗಗಳು: ಫೋಟೋ ನೋಡಿ ಆರ್ಡರ್ ತೆಗೆದುಕೊಳ್ಳುವುದನ್ನು ನಿಲ್ಲಿಸುತ್ತಿದ್ದೇವೆ

ಗ್ರಾಹಕರಿಗೆ ನಮಸ್ಕಾರ.

ಇಷ್ಟು ದಿನ ನೀವು ಡಿರೈಲರ್ (ಗೇರ್ ಬದಲಿಸುವಾಗ ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗ) ಹೆಸರು ಹೇಳಿದರೆ, ಇಲ್ಲವೇ ಒಂದು ಫೋಟೋ ಕಳಿಸಿದರೆ ಸಾಕಿತ್ತು, ಭಾಗ ಹುಡುಕಿ ತರಿಸುತ್ತಿದ್ದೆವು. ಮುಂದಿನ ತಿಂಗಳಿಂದ ಹಾಗೆ ಮಾಡುವುದಿಲ್ಲ. ಸೈಕಲ್ಲನ್ನೇ ತನ್ನಿ. ಆಗದಿದ್ದರೆ ಬಿಚ್ಚಿದ ಡಿರೈಲರ್, ಅದರ ಜೊತೆ ಫ್ರೇಮಿನ ಹ್ಯಾಂಗರನ್ನು, ಅಂದರೆ ಡಿರೈಲರ್ ಕೂರುವ ಜಾಗವನ್ನು, ಹತ್ತಿರದಿಂದ ತೆಗೆದ ಫೋಟೋ ಬೇಕು.

ಇದಕ್ಕೆ ಕಾರಣ ನಮ್ಮದೇ ಒಂದು ಎಡವಟ್ಟು. ಫೋಟೋ ನೋಡಿ ಒಬ್ಬರಿಗೆ ಕಾಂಪಾನ್ಯೋಲೊ ಕಂಪನಿಯ ಡಿರೈಲರ್ ತರಿಸಿದೆವು. ಒಳ್ಳೆಯ ಮಾಲು, ಆದರೆ ಸೈಕಲ್ಲಿಗೆ ಕೂರಲೇ ಇಲ್ಲ. ಫ್ರೇಮು ಸಿಂಪ್ಲೆಕ್ಸ್ ಎಂಬ ಇನ್ನೊಂದು ಕಂಪನಿಯ ಡಿರೈಲರ್‌ಗೆಂದು ಮಾಡಿದ್ದು, ಅದರ ಹ್ಯಾಂಗರಿನ ತೂತಿಗೆ ಥ್ರೆಡ್ಡೇ ಇಲ್ಲ! ಅಲ್ಲಿ 10 ಮಿಲಿಮೀಟರ್ ಥ್ರೆಡ್ ಹೊಡೆಯಬಹುದು, ಆದರೆ ಹಳೆ ಫ್ರೇಮನ್ನು ಕೊರೆಯಲು ಎಲ್ಲರಿಗೂ ಮನಸ್ಸು ಬರುವುದಿಲ್ಲ. ಅವರಿಗೂ ಬರಲಿಲ್ಲ. ಕಾಂಪಾನ್ಯೋಲೊ ಮತ್ತು ಶಿಮಾನೊ ಥ್ರೆಡ್‌ಗಳು ಮಾತ್ರ ಹೆಚ್ಚುಕಡಿಮೆ ಒಂದೇ. ಕಾಂಪಾನ್ಯೋಲೊದಲ್ಲಿ ಇಂಚಿಗೆ 26 ಸುತ್ತು, ಶಿಮಾನೊದಲ್ಲಿ ಮಿಲಿಮೀಟರಿಗೆ ಒಂದು.

ನಿಜ ಹೇಳಬೇಕೆಂದರೆ, ಪೂರ್ತಿ ಡಿರೈಲರ್ ಬದಲಿಸಬೇಕಾದ ಸೈಕಲ್ ಕಡಿಮೆ. ಸವೆಯುವುದು ಜಾಸ್ತಿ ಪುಲ್ಲಿಗಳೇ, ಅಂದರೆ ಡಿರೈಲರ್ ಒಳಗೆ ಚೈನ್ ಹಾದುಹೋಗುವ ಪುಟ್ಟ ಹಲ್ಲುಚಕ್ರಗಳು. ಹಲ್ಲುಗಳು ಚೂಪಾಗಿದ್ದರೆ ಪುಲ್ಲಿ ಮುಗಿಯಿತು ಎಂದು ತಿಳಿಯಿರಿ. ಹೊಸ ಪುಲ್ಲಿ ಸಿಗುತ್ತದೆ, ಆದರೆ ಹಲ್ಲಿನ ಸಂಖ್ಯೆ, ನಡುವಿನ ತೂತು, ದಪ್ಪ ಮೂರೂ ಸರಿಹೋಗಬೇಕು. ಹಳೆಯದಕ್ಕೆ 10 ಹಲ್ಲಿದ್ದು ಹೊಸದಕ್ಕೆ 11 ಇದ್ದರೆ ಪುಲ್ಲಿಗಳನ್ನು ಹಿಡಿದಿಡುವ ಕೆಲವು ಕೇಜ್‌ಗಳಲ್ಲಿ ಉಜ್ಜುತ್ತದೆ. ಫೋಟೋದಲ್ಲಿ ಇದನ್ನೆಲ್ಲ ಅಳೆಯಲು ಆಗುತ್ತದಾ?

ಒಂದು ಕೆಲಸವನ್ನು ಪೂರ್ತಿ ಬಿಡುತ್ತಿದ್ದೇವೆ, ಬಿರುಕು ಬಿಟ್ಟ ಪ್ಲಾಸ್ಟಿಕ್ ಡಿರೈಲರ್ ಅಂಟಿಸುವುದು. 1960ರ ದಶಕದಿಂದ ಸಿಂಪ್ಲೆಕ್ಸ್ ಡೆಲ್ರಿನ್ ಪ್ಲಾಸ್ಟಿಕ್ಕಿನ ಡಿರೈಲರ್ ಮಾಡುತ್ತಿತ್ತು. ಅದು ಬಿರುಕು ಬಿಟ್ಟರೆ ಡೆಲ್ರಿನ್‌ಗೆ ಅಂಟು ಹಿಡಿಯುವುದಿಲ್ಲ. ಸುಮ್ನೆ ನಿಮ್ಮ ದುಡ್ಡು ಹಾಳು.

ಅದರ ಬದಲು ಏನು ಹಾಕುವುದು ಅಂತ ಕೇಳಿದರೆ, ನಮ್ಮ ಆಯ್ಕೆ ಸನ್‌ಟೂರ್ ಕಂಪನಿಯ ಹಳೆ ಡಿರೈಲರ್. ಓರೆಯಾಗಿ ಚಲಿಸುವ ಡಿರೈಲರನ್ನು 1964ರಲ್ಲಿ ತಂದವರೇ ಅವರು. ಪುಲ್ಲಿ ಫ್ರೀವೀಲಿನ ಹಲ್ಲುಗಳಿಗೆ ಹತ್ತಿರವೇ ಇರುತ್ತದೆ, ಗೇರ್ ಸಲೀಸಾಗಿ ಬೀಳುತ್ತದೆ. ಗೇರ್ ಬದಲಿಸುವ ಲಿವರ್ ಕ್ಲಿಕ್ ಇಲ್ಲದ ಹಳೆಯದಾದರೆ ಬೇರೆ ಕಂಪನಿಯ ಡಿರೈಲರ್ ಕೂಡ ನಡೆಯುತ್ತದೆ, ಎಷ್ಟು ಎಳೆಯಬೇಕೆಂದು ನಿಮ್ಮ ಕೈಯೇ ಹೇಳುತ್ತದೆ. ಕ್ಲಿಕ್ ಆಗುವ ಲಿವರ್ ಇದ್ದರೆ ಲಿವರ್, ಡಿರೈಲರ್ ಜೋಡಿ ಹೊಂದಲೇಬೇಕು. ಶಿಮಾನೊದ 1984ರ ಡ್ಯೂರಾ-ಏಸ್ 7400 ಡಿರೈಲರ್ ಇದ್ದವರು ಇನ್ನೂ ಹುಷಾರು, ಶಿಮಾನೊದ ಉಳಿದ ಕ್ಲಿಕ್ ಲಿವರ್‌ಗಳು ಅದಕ್ಕೆ ಸರಿಬರುವುದಿಲ್ಲ. ಆ ಕಾಲದ್ದೇ, ಅದೇ ಮಾದರಿಯೇ ಬೇಕು ಎನ್ನುವವರಿಗೂ ಹುಡುಕುತ್ತೇವೆ, ಆದರೆ ದಿನ ಹೇಳುವುದಿಲ್ಲ.

ಈಗಾಗಲೇ ಆರ್ಡರ್ ಕೊಟ್ಟವರಿಗೆ ಹಳೆ ಪದ್ಧತಿಯೇ. ಭಾಗ ಕೂರದಿದ್ದರೆ ಹಣ ವಾಪಸ್.

ಬರುವಾಗ ಮುರಿದ ಬೋಲ್ಟ್, ಹಾರಿಹೋದ ಸ್ಪ್ರಿಂಗ್ ಏನೇ ಸಿಕ್ಕರೂ ಪೊಟ್ಟಣ ಕಟ್ಟಿಕೊಂಡು ಬನ್ನಿ. ಅಳತೆಗೆ ನಮಗೆ ಅವೇ ಬೇಕಾಗುವುದು.

ಇಂತಿ,
ನಿಮ್ಮ ಸೈಕಲ್ ರಿಪೇರಿ ಸಹಕಾರಿ ಬಳಗ