ಮಾನ್ಯ ಶಾಸಕರೇ, ಆ ಟವರಿನ ಬೀಗ ತೆಗೆಸಿ

ಮಾನ್ಯ ಶಾಸಕರಿಗೆ ನಮಸ್ಕಾರಗಳು.

ನಮ್ಮೂರ ಗುಡ್ಡದ ಮೇಲಿನ ವೀಕ್ಷಣಾ ಗೋಪುರದ ಬೀಗ ತೆಗೆಸಿ. ಕೇಳುವುದು ಇಷ್ಟೇ. ಯಾವ ಗುಡ್ಡ ಅಂತ ಹೇಳಬೇಕಾಗಿಲ್ಲ, ಉದ್ಘಾಟನೆಯ ದಿನ ನೀವೂ ಹತ್ತಿದ್ದಿರಿ. ನಾವು ಕೆಳಗೆ ನಿಂತು ಚಪ್ಪಾಳೆ ತಟ್ಟಿದ್ದೆವು.

ಅದೇನು ದೊಡ್ಡ ಚಾರಣ ಅಲ್ಲ. ಕೊಡಚಾದ್ರಿ, ಕುದುರೆಮುಖಕ್ಕಾದರೆ ಕಾಲಲ್ಲಿ ಕಸುವು ಬೇಕು. ನಮ್ಮ ಗುಡ್ಡಕ್ಕೆ ಹವಾಯಿ ಚಪ್ಪಲಿ ಸಾಕು. ರಿಕ್ಷಾ ಇಳಿದರೆ ಗೇರು ಮರಗಳ ನಡುವೆ ಮುರಕಲ್ಲಿನ ಮೆಟ್ಟಿಲು. ಮಕ್ಕಳು ಓಡಿಕೊಂಡು ಹೋಗುತ್ತಾರೆ. ಮಂಡಿನೋವಿನ ನನ್ನ ಅತ್ತೆಯೂ ಅಲ್ಲಲ್ಲಿ ಕೂತು, ಬೇಸಿಗೆಯಾದರೆ ಕುಂಟಾಲ ಹಣ್ಣು ಕೊಯ್ದು ತಿಂದು, ಆರಾಮಾಗಿ ಮೇಲೆ ಬರುತ್ತಾರೆ. ಆದರೆ ಗುಡ್ಡದ ತುದಿಯಲ್ಲಿ ಅಕೇಶಿಯಾ ಬೆಳೆದು ನಿಂತಿದೆ. ನೆಲದ ಮೇಲೆ ನಿಂತರೆ ಕಾಣುವುದು ಎಲೆ ಮಾತ್ರ. ಟವರ್ ಹತ್ತಿದರೆ ತಾನೇ ಪಡುವಣಕ್ಕೆ ಕಡಲು, ಮೂಡಣಕ್ಕೆ ಘಟ್ಟ? ಅದಕ್ಕೇ ಅಲ್ವಾ ಟವರ್ ಕಟ್ಟಿದ್ದು?

ಮೊದಲ ಮಳೆಗಾಲ ಕಳೆದ ಮೇಲೆ ಬಿದ್ದ ಬೀಗ ಅದು. ‘ದುರಸ್ತಿಯಲ್ಲಿದೆ, ಪ್ರವೇಶವಿಲ್ಲ’ ಅಂತ ಬೋರ್ಡ್. ದುರಸ್ತಿ ಮಾಡುವವರನ್ನು ಊರಲ್ಲಿ ಯಾರೂ ಕಂಡಿಲ್ಲ, ಈಗ ಬೋರ್ಡಿಗೇ ದುರಸ್ತಿ ಆಗಬೇಕು. ಕಂಬಿಗಳಲ್ಲಿ ತುಕ್ಕು ಹಕ್ಕಳೆ ಎದ್ದಿದೆ, ಮುಟ್ಟಿದರೆ ಅಂಗೈ ಕೆಂಪು. ಬೀಗ ಮಾತ್ರ ಫಳಫಳ. ಅದಕ್ಕೆ ಎಣ್ಣೆ ಬಿಟ್ಟು, ಮಳೆ ತಾಗದ ಹಾಗೆ ಸೈಕಲ್ ಟ್ಯೂಬಿನ ತುಂಡು ಸುತ್ತಿದ್ದಾರೆ.

ದಸರಾ ರಜೆಯಲ್ಲಿ ಏನಾಯಿತು ಕೇಳಿ. ಬೆಂಗಳೂರಿನಿಂದ ನಾದಿನಿಯ ಸಂಸಾರ ಬಂದಿತ್ತು. ಕೊಟ್ಟೆ ಕಡುಬು, ಚಟ್ನಿ ಕಟ್ಟಿಕೊಂಡು ಎಲ್ಲರೂ ಹತ್ತಿದೆವು. ಗೇಟಿನಲ್ಲಿ ವಾಚ್‌ಮನ್ ಕೈ ಅಡ್ಡ ಹಿಡಿದರು. “ಟವರ್ ಅಲ್ಲಾಡ್ತದೆ ಅಮ್ಮ, ಜೀವಕ್ಕೆ ಅಪಾಯ.” ಸರಿ, ಜೀವ ದೊಡ್ಡದು. ಟವರಿನ ಬುಡದಲ್ಲೇ ಚಾಪೆ ಹಾಸಿ ಬುತ್ತಿ ಬಿಚ್ಚಿದೆವು. “ಸಮುದ್ರ ಎಲ್ಲಿ?” ಅಂತ ನಾದಿನಿಯ ಮಗ ಕೇಳುತ್ತಲೇ ಇದ್ದ.

ಅಷ್ಟರಲ್ಲಿ ಒಂದು ದಂಡು ಬಂತು. ಮದುವೆ ನಿಶ್ಚಯವಾದ ಹುಡುಗ, ಹುಡುಗಿ, ಕ್ಯಾಮರಾದವರು, ಡ್ರೋನಿನವನು, ಹುಡುಗಿಯ ಉದ್ದ ಗೌನಿನ ಸೆರಗು ಹಿಡಿಯಲು ಇನ್ನೊಬ್ಬಳು. ನಮ್ಮ ವಾಚ್‌ಮನ್ ಕಿಸೆಯಿಂದ ಕೀ ತೆಗೆದರು! ಎಲ್ಲರೂ ಮೇಲೆ ಹೋದರು. ಹಾಡು ಹಾಕಿ ಕುಣಿದರು. ನೀಲಿ ಬಣ್ಣದ ಹೊಗೆ ಬಿಟ್ಟರು. ಆ ಹೊಗೆ ನಿಧಾನವಾಗಿ ಇಳಿದು ಬಂದದ್ದು ನಮ್ಮ ಕಡುಬಿನ ಮೇಲೆ.

“ಇದೆಂತ ಅಣ್ಣ?” ಅಂತ ಕೇಳಿದೆ. “ಎಂತ ಮಾಡುದು ಅಮ್ಮ, ಮೇಲಿಂದ ಫೋನ್ ಬಂದಿದೆ” ಅಂದರು. ಟವರಿಗಿಂತಲೂ ಮೇಲೆ ಯಾರಿದ್ದಾರೋ ನನಗೆ ಗೊತ್ತಿಲ್ಲ, ನಿಮಗೆ ಗೊತ್ತಿರಬಹುದು. ಅಷ್ಟು ಜನ ಕುಣಿದರೂ ಅಲ್ಲಾಡದ ಟವರ್ ನನ್ನ ಅತ್ತೆ ಹತ್ತಿದರೆ ಬಿದ್ದುಹೋಗುತ್ತದಾ? ಅವರ ತೂಕ 45 ಕಿಲೋ ಸ್ವಾಮಿ! ಆ ಜೋಡಿಯ ಮೇಲೆ ನನಗೆ ಸಿಟ್ಟಿಲ್ಲ, ಚೆನ್ನಾಗಿರಲಿ. ವಾಚ್‌ಮನ್ ಮೇಲೂ ಇಲ್ಲ, ಪಾಪ, ಅವರದ್ದು ದಿನಗೂಲಿ.

ಬೀಗ ತೆಗೆಸಿ.

ಕಡಲ ಗಾಳಿಗೆ ಕಬ್ಬಿಣ ತುಕ್ಕು ಹಿಡಿಯುತ್ತದೆ ಅಂತ ಹೇಳಬೇಡಿ. ಉಪ್ಪಿನ ಗಾಳಿ, ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು ಮಳೆ, ಇವು ಕರಾವಳಿಗೆ ನಿನ್ನೆ ಬಂದದ್ದಲ್ಲ. ವರ್ಷಕ್ಕೊಮ್ಮೆ ಪತ್ತನಾಜೆಯೊಳಗೆ, ಅಂದರೆ ಮಳೆಗಾಲ ಶುರುವಾಗುವ ಮೊದಲು, ತುಕ್ಕು ಉಜ್ಜಿ, ರೆಡ್ ಆಕ್ಸೈಡ್ ಹೊಡೆದು, ಪೇಂಟ್ ಬಳಿದರೆ ಆಯಿತು. ನಮ್ಮ ಮನೆಯ ಗೇಟಿಗೆ ನಾವು ಮಾಡುವುದೂ ಅದನ್ನೇ. ಕಾಪುವಿನ ದೀಪಸ್ತಂಭ 1901ರದ್ದು, ಕಡಲಿಗೆ ಮುಖ ಕೊಟ್ಟೇ ನಿಂತಿದೆ. ಜನ ಟಿಕೆಟ್ ತೆಗೆದು ಹತ್ತುತ್ತಾರೆ. ಮಂಗಳೂರಿನ ಸುಲ್ತಾನ್ ಬತ್ತೇರಿ 1784ರ ಕಾವಲು ಬುರುಜು, ಅದರ ಮೆಟ್ಟಿಲನ್ನೂ ಮಕ್ಕಳು ಹತ್ತಿ ಇಳಿಯುತ್ತಾರೆ. ಮೊನ್ನೆ ಮೊನ್ನೆ ಕಟ್ಟಿದ ನಮ್ಮ ಟವರಿಗೆ ಮಾತ್ರ ಮುಪ್ಪು!

ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಕೇಳಿದೆ. ‘ಈ ಕಡತ ನಮ್ಮ ಕಚೇರಿಗೆ ಸಂಬಂಧಿಸಿದ್ದಲ್ಲ’ ಅಂತ ಒಂದು ಸಾಲು ಬಂತು. ಕಾಯ್ದೆಯ 6(3)ನೇ ಕಲಂ ನಿಮಗೆ ಗೊತ್ತೇ ಇದೆ, ಸಂಬಂಧ ಇಲ್ಲದಿದ್ದರೆ ಅರ್ಜಿಯನ್ನು ಸಂಬಂಧ ಇದ್ದವರಿಗೆ 5 ದಿನದೊಳಗೆ ಕಳಿಸಬೇಕು. ಕಳಿಸಿಲ್ಲ. ಟವರ್ ಯಾರದ್ದು ಅಂತ ಯಾರಿಗೂ ಗೊತ್ತಿಲ್ಲ, ಆದರೆ ಕೀ ಮಾತ್ರ ಇದೆ. ದುಡ್ಡಿಲ್ಲ ಅಂತೀರಾ? ಶಾಸಕರ ನಿಧಿಯ ಲೆಕ್ಕ ನಾನು ನಿಮಗೆ ಹೇಳಿಕೊಡಬೇಕಾ? ನಾಲ್ಕು ಡಬ್ಬ ಪೇಂಟಿಗೆ ಅದರಲ್ಲಿ ಜಾಗ ಇಲ್ವಾ?

ಟವರ್ ನಿಜವಾಗಿ ಅಪಾಯ ಅಂತಾದರೆ ಎಂಜಿನಿಯರ್ ವರದಿಯನ್ನು ಬೋರ್ಡಿನ ಪಕ್ಕ ಅಂಟಿಸಿ. ಆಮೇಲೆ ಫೋನ್ ಬಂದರೂ ಬೀಗ ತೆಗೆಯಬೇಡಿ. ಅಪಾಯ ಇಲ್ಲ ಅಂತಾದರೆ ಬೀಗ ತೆಗೆಸಿ. ಒಂದು ಸಲಕ್ಕೆ ಇಷ್ಟೇ ಜನ ಅಂತ ಮಿತಿ ಹಾಕಿ, ಟಿಕೆಟ್ ಇಡಿ, ಕೊಡುತ್ತೇವೆ. ನಾದಿನಿಯ ಸಂಸಾರ ಕ್ರಿಸ್ಮಸ್ ರಜೆಗೆ ಪುನಃ ಬರುತ್ತದೆ. ಅಷ್ಟರೊಳಗೆ ತೆಗೆಸಿ. ಆಗುವುದಿಲ್ಲ ಅಂತಾದರೆ, ಫೋನ್ ಮಾಡಿಸಬೇಕಾದ ಆ ‘ಮೇಲಿನ’ ನಂಬರ್ ಯಾವುದು ಅಂತಲಾದರೂ ತಿಳಿಸಿ.

ಇಂತಿ,
ನಿಮ್ಮ ಕ್ಷೇತ್ರದ ಮತದಾರಳು,
ಉಡುಪಿ ಜಿಲ್ಲೆ